ಪಂಪ್ ಕೇಸಿಂಗ್ ಎರಕ: ಅಚ್ಚಿನೊಳಗೆ ಕೋರ್ ಮೇಲೇಳದಂತೆ ಹಿಡಿಯುವುದು ಹೇಗೆ? ಚಾಪ್ಲೆಟ್ ಜಾಗದಲ್ಲಿ ನೀರು ಜಿನುಗುವುದೇಕೆ?

ಪ್ರಶ್ನೆ: ಅಮ್ಮತ್ತಿ ವರ್ಕ್‌ಶಾಪ್

ಎಲ್ಲರಿಗೂ ನಮಸ್ಕಾರ.

ಕೊಡಗಿನ ಅಮ್ಮತ್ತಿ ಕಡೆಯ ಒಂದು ಕಾಫಿ ತೋಟದಲ್ಲಿ ಯಂತ್ರಗಳ ಉಸ್ತುವಾರಿ ನನ್ನದು. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಕೆರೆಯಿಂದ ನೀರೆತ್ತುವ ಹಳೆಯ ಡೀಸೆಲ್ ಪಂಪೊಂದು ನಮ್ಮಲ್ಲಿದೆ. ಅದರ ಕೇಸಿಂಗ್ (ಹೊರಕವಚ) ಸವೆದು ಬಿರುಕು ಬಿಟ್ಟಿದೆ, ಬಿಡಿಭಾಗ ಮಾರುಕಟ್ಟೆಯಲ್ಲಿ ಸಿಗುವುದು ನಿಂತು ಬಹಳ ಕಾಲವಾಗಿದೆ. ಆದ್ದರಿಂದ ಹಳೆಯ ಕೇಸಿಂಗಿನ ಅಳತೆ ತೆಗೆದು, ಬೀಡು (ಎರಕದ ಕಬ್ಬಿಣ) ಆರುವಾಗ ಕುಗ್ಗುವುದಕ್ಕಾಗಿ ಮೀಟರಿಗೆ 10 ಮಿ.ಮೀ. ಲೆಕ್ಕದಲ್ಲಿ ಹೆಚ್ಚಿಸಿ, ಮರಳಿನಲ್ಲಿ ಅಚ್ಚು ಮೂಡಿಸುವ ಮರದ ಪ್ಯಾಟರ್ನನ್ನೂ ಕೋರ್ ತಯಾರಿಸುವ ಕೋರ್ ಬಾಕ್ಸನ್ನೂ ಮಾಡಿಸಿ, ಜಿಲ್ಲೆಯ ಹೊರಗಿನ ಒಂದು ಫೌಂಡ್ರಿಯಲ್ಲಿ ಎಫ್‌ಜಿ 200 ದರ್ಜೆಯ ಬೀಡಿನಲ್ಲಿ ಎರಕ ಹೊಯ್ಯಿಸಿದೆವು.

ಕೇಸಿಂಗಿನ ಹೊರ ವ್ಯಾಸ ಸುಮಾರು 300 ಮಿ.ಮೀ., ಗೋಡೆಯ ದಪ್ಪ 8 ಮಿ.ಮೀ. ಹಿಂಬದಿಯಲ್ಲಿ ಮುಚ್ಚಳ ಕೂರುವ 200 ಮಿ.ಮೀ. ಬಾಯಿ, ಮುಂಬದಿಯಲ್ಲಿ ನೀರು ಹೀರುವ 75 ಮಿ.ಮೀ. ಬಾಯಿ, ಪಕ್ಕದಲ್ಲಿ ನೀರು ಹೊರಹೋಗುವ ಫ್ಲೇಂಜ್ ಇವೆ. ಒಳಗಿನ ಟೊಳ್ಳು ಉಳಿಯಲೆಂದು ಅಚ್ಚಿನೊಳಗೆ ಇಡುವ ಮರಳಿನ ಗಟ್ಟಿ, ಅಂದರೆ ಕೋರ್, ಇಡೀ ಟೊಳ್ಳಿಗೆ ಸೇರಿ ಒಂದೇ. ಸೋಡಿಯಂ ಸಿಲಿಕೇಟ್ ಬೆರೆಸಿದ ಮರಳಿಗೆ ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಗಟ್ಟಿ ಮಾಡಿದ್ದು. ಅಚ್ಚಿನ ಮರಳಿನಲ್ಲಿ ಕೂರುವ ಕೋರಿನ ತುದಿಗಳನ್ನು, ಅಂದರೆ ಪ್ರಿಂಟ್‌ಗಳನ್ನು ಬಿಟ್ಟು ಲೋಹದಲ್ಲಿ ಮುಳುಗುವ ಭಾಗದ ತೂಕ ಸುಮಾರು 8 ಕೆ.ಜಿ. ಆಗುತ್ತದೆ. ಫೌಂಡ್ರಿಯವರು ಅಗಲವಾದ ಬಾಯಿ ಕೆಳಗೆ, ಹೀರುವ ಬಾಯಿ ಮೇಲೆ ಬರುವಂತೆ ಹಸಿ ಮರಳಿನಲ್ಲಿ ಅಚ್ಚು ಕಟ್ಟಿ, ಕೋರಿನ ಮೇಲ್ಮೈಗೂ ಮೇಲಿನ ಪೆಟ್ಟಿಗೆಯ ಮರಳಿಗೂ ನಡುವೆ ಆನಿಕೆಯಾಗಿ ನಾಲ್ಕು ಚಾಪ್ಲೆಟ್ (ಲೋಹದ ಸಣ್ಣ ತುಂಡು) ನಿಲ್ಲಿಸಿದ್ದರು.

ಬಂದ ಎರಕದಲ್ಲಿ ಎರಡು ದೋಷಗಳಿವೆ. ಎಲ್ಲೆಡೆ 8 ಮಿ.ಮೀ. ಇರಬೇಕಾದ ಗೋಡೆ ಮೇಲ್ಬದಿಯಲ್ಲಿ 5 ಮಿ.ಮೀ., ಕೆಳಬದಿಯಲ್ಲಿ 11 ಮಿ.ಮೀ. ಇದೆ. ಎರಡನೆಯದಾಗಿ, ಬಾಯಿಗಳನ್ನೆಲ್ಲ ಮುಚ್ಚಿ ಚದರ ಸೆಂಟಿಮೀಟರಿಗೆ 6 ಕೆ.ಜಿ. ಒತ್ತಡ ಕೊಟ್ಟಾಗ ಮೂರು ಚಾಪ್ಲೆಟ್‌ಗಳ ಸುತ್ತ ಬೆವರಿನಂತೆ ನೀರು ಜಿನುಗುತ್ತದೆ. ವಿಚಾರಿಸಿದರೆ, ಚಾಪ್ಲೆಟ್ ಇಟ್ಟ ಮೇಲೆ ಅಷ್ಟು ಜಿನುಗುವುದು ಇದ್ದದ್ದೇ ಎಂಬ ಉತ್ತರ ಬಂತು.

ಕೋರ್ ಮೇಲೇಳದ ಹಾಗೆ ಪ್ಯಾಟರ್ನಿನಲ್ಲಿಯೇ ಏನಾದರೂ ಬದಲಾವಣೆ ಮಾಡಬಹುದೇ, ಚಾಪ್ಲೆಟ್ ಇಲ್ಲದೆಯೇ ಈ ಕೆಲಸ ಆಗುವುದೇ, ಇಡಲೇಬೇಕಾದರೆ ಎಂಥದ್ದನ್ನು ಇಡಬೇಕೆಂದು ಆರ್ಡರಿನಲ್ಲಿ ಬರೆಯಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ, ಮಳೆಗಾಲದಲ್ಲೇ ಎರಡನೆಯ ಎರಕ ಹೊಯ್ಯಿಸಿ ಮುಂದಿನ ಹೂವಿನ ನೀರಿಗೆ ಪಂಪನ್ನು ಸಿದ್ಧಪಡಿಸಿಕೊಳ್ಳಬಹುದು.

ಉತ್ತರ: ಕುಶಾಲನಗರ, ನಿವೃತ್ತ ಮೋಲ್ಡಿಂಗ್ ಸೂಪರ್‌ವೈಸರ್

ನೀವು ಅಳತೆಗಳನ್ನು ಸರಿಯಾಗಿ ಕೊಟ್ಟಿರುವುದರಿಂದ ಊಹೆಯ ಮಾತು ಬೇಕಿಲ್ಲ, ಲೆಕ್ಕವನ್ನೇ ಹಾಕಿ ನೋಡೋಣ.

ಕೋರ್ ತನ್ನ ಭಾರಕ್ಕೆ ಕುಸಿದೀತು ಎಂಬ ಚಿಂತೆ ಲೋಹ ಸುರಿಯುವ ತನಕ ಮಾತ್ರ. ಸುರಿದ ಮೇಲೆ ಅದು ನೀರಿನಲ್ಲಿ ಅದುಮಿ ಹಿಡಿದ ಬೆಂಡಿನಂತೆ ಮೇಲಕ್ಕೇ ಒತ್ತುತ್ತದೆ. ಕೋರ್ ಮರಳಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.6 ಗ್ರಾಂ ಎಂದು ಹಿಡಿದರೆ ನಿಮ್ಮ 8 ಕೆ.ಜಿ. ಕೋರಿನ ಗಾತ್ರ 5 ಲೀಟರ್. ಕರಗಿದ ಬೀಡಿನ ಸಾಂದ್ರತೆ ಸುಮಾರು 7 ಗ್ರಾಂ. 5 ಲೀಟರ್ ಬೀಡು ಎಂದರೆ 35 ಕೆ.ಜಿ. ಅದರಲ್ಲಿ ಕೋರಿನ ಸ್ವಂತ ತೂಕ 8 ಕೆ.ಜಿ.ಯನ್ನು ಕಳೆದರೆ, ಲೋಹ ತುಂಬಿದ ಗಳಿಗೆಯಿಂದ ಗೋಡೆ ಗಟ್ಟಿಯಾಗುವವರೆಗೆ 27 ಕೆ.ಜಿ. ಬಲ ಕೋರನ್ನು ಮೇಲಕ್ಕೆ ನೂಕುತ್ತಿರುತ್ತದೆ. ಇದೇ ಕೋರಿನ ಸುತ್ತ ಅಲ್ಯೂಮಿನಿಯಂ ಸುರಿದಿದ್ದರೆ ಆ ಬಲ 4 ಕೆ.ಜಿ.ಯನ್ನು ಮೀರುತ್ತಿರಲಿಲ್ಲ. ಅಲ್ಯೂಮಿನಿಯಂ ಕೆಲಸದಲ್ಲಿ ಪಳಗಿದವರು ಬೀಡಿಗೆ ಕೈಹಾಕಿದಾಗ ಕೋರ್ ವಿಷಯದಲ್ಲಿ ಎಡವುವುದು ಈ ಕಾರಣಕ್ಕೇ.

ಈಗ ಚಾಪ್ಲೆಟ್‌ಗಳ ವಿಚಾರ. ಕೋರಿಗೂ ಅಚ್ಚಿನ ಗೋಡೆಗೂ ನಡುವೆ ಆನಿಕೆಯಾಗಿ ನಿಂತು, ಕೊನೆಗೆ ಎರಕದಲ್ಲೇ ಸೇರಿಹೋಗಬೇಕಾದ ಲೋಹದ ಈ ಸಣ್ಣ ತುಂಡು ಎಷ್ಟೇ ಗಟ್ಟಿಯಾಗಿದ್ದರೂ, ಅದರ ತಲೆ ಒರಗಿರುವುದು ಹಸಿ ಮರಳಿಗೆ. ಕೈಯಿಂದ ದಮ್ಮಸ್ಸು ಮಾಡಿದ ಸಾಧಾರಣ ಹಸಿ ಮರಳು ಚದರ ಸೆಂಟಿಮೀಟರಿಗೆ ಅರ್ಧದಿಂದ ಮುಕ್ಕಾಲು ಕೆ.ಜಿ. ಭಾರ ತಡೆದೀತು. ತಲೆಯ ವ್ಯಾಸ 20 ಮಿ.ಮೀ. ಎಂದುಕೊಂಡರೆ ವಿಸ್ತೀರ್ಣ ಸುಮಾರು 3 ಚದರ ಸೆಂಟಿಮೀಟರ್ ಆಗುತ್ತದೆ; ಒಂದು ಚಾಪ್ಲೆಟ್ ಹೊರುವುದು 2 ಕೆ.ಜಿ., ನಾಲ್ಕೂ ಸೇರಿ 8 ಕೆ.ಜಿ. ಮೇಲೆದ್ದು ಬರುವುದು 27 ಕೆ.ಜಿ. ಆದ್ದರಿಂದ ಅವು ಮರಳಿನೊಳಗೆ ಹೂತುಕೊಂಡು ಮೇಲೆ ಸರಿದಿವೆ ಎಂಬುದು ನನ್ನ ಅನುಮಾನ. ನಿಮ್ಮ ಕೇಸಿಂಗಿನ ಹೊರಮೈಯಲ್ಲಿ ಚಾಪ್ಲೆಟ್ ಇದ್ದ ಕಡೆ ನಾಣ್ಯ ಅಂಟಿಸಿದಂತೆ ದುಂಡಗಿನ ಉಬ್ಬು ಇದೆಯೇ ನೋಡಿ ಹೇಳಿ.

ಇಷ್ಟಾದರೂ ಮೇಲಿನ 75 ಮಿ.ಮೀ. ಪ್ರಿಂಟ್ ಇತ್ತಲ್ಲ ಎಂದು ನೀವು ಕೇಳಬಹುದು. ಅದರ ತುದಿಯ ವಿಸ್ತೀರ್ಣ 44 ಚದರ ಸೆಂಟಿಮೀಟರ್. ಚೆನ್ನಾಗಿ ಬಡಿದ ಮರಳಾದರೆ 25 ಕೆ.ಜಿ.ಗೂ ಹೆಚ್ಚು ತಡೆಯಬೇಕಾಗಿತ್ತು. ತಡೆಯಲಿಲ್ಲವೆಂದರೆ ಅದು ಮರಳಿಗೆ ತಾಗಿಯೇ ಇರಲಿಲ್ಲ. ಮೇಲಿನ ಪೆಟ್ಟಿಗೆಯನ್ನು ಇಳಿಸುವಾಗ ಪ್ರಿಂಟ್ ಗುದ್ದಿ ಮರಳು ಉದುರಬಾರದೆಂದು ಕೆಲವರು ತುದಿಯಲ್ಲಿ ಎರಡು ಮೂರು ಮಿ.ಮೀ. ಸಂದು ಬಿಡುತ್ತಾರೆ. ಆ ಸಂದು ಮುಚ್ಚುವವರೆಗೆ ಕೋರ್ ಆರಾಮವಾಗಿ ಏರುತ್ತದೆ, ಆಮೇಲೆ ನಿಲ್ಲುತ್ತದೆ. 8 ಇದ್ದದ್ದು ಒಂದು ಕಡೆ 5, ಇನ್ನೊಂದು ಕಡೆ 11 ಆಗಿರುವುದನ್ನು ನೋಡಿದರೆ ನಿಮ್ಮ ಕೋರ್ ಓರೆಯಾಗದೆ ನೆಟ್ಟಗೆ 3 ಮಿ.ಮೀ. ಏರಿ ನಿಂತಿದೆ.

ಸಂದನ್ನು ಅಳೆಯುವ ವಿಧಾನ ಹಳೆಯದು, ಖರ್ಚಿಲ್ಲದ್ದು. ಕೋರನ್ನು ಕೆಳಪೆಟ್ಟಿಗೆಯಲ್ಲಿ ಕೂರಿಸಿ, ಅದರ ಮೇಲ್ಮೈಯಲ್ಲಿ ನಾಲ್ಕೈದು ಕಡೆಯೂ ಪ್ರಿಂಟ್ ತುದಿಯಲ್ಲಿ ಒಂದು ಕಡೆಯೂ ಮೆತ್ತನೆಯ ಜೇಡಿಮಣ್ಣಿನ ಗೋಲಿಯಷ್ಟು ಉಂಡೆಗಳನ್ನಿಟ್ಟು, ಅವುಗಳ ಮೇಲೆ ಮರಳು ಅಂಟದಂತೆ ಸ್ವಲ್ಪ ಒಣ ಪುಡಿ ಉದುರಿಸಿ, ಮೇಲಿನ ಪೆಟ್ಟಿಗೆಯನ್ನು ಪಿನ್ನಿನ ಮೇಲೆ ನೇರವಾಗಿ ಇಳಿಸಿ, ಹಾಗೆಯೇ ಎತ್ತಬೇಕು. ಚಪ್ಪಟೆಯಾದ ಉಂಡೆಯನ್ನು ಚಾಕುವಿನಿಂದ ಸೀಳಿ ದಪ್ಪ ಅಳೆದರೆ, ಆ ಜಾಗದಲ್ಲಿ ಗೋಡೆ ಎಷ್ಟು ದಪ್ಪ ಬರಲಿದೆ, ಪ್ರಿಂಟ್ ತುದಿಯಲ್ಲಿ ಎಷ್ಟು ಸಂದಿದೆ ಎಂಬುದು ಲೋಹ ಸುರಿಯುವ ಮೊದಲೇ ಕೈಗೆ ಸಿಗುತ್ತದೆ. ಪ್ರಿಂಟ್ ತುದಿಯಲ್ಲಿ ಸಂದು ಕಂಡರೆ ಅಷ್ಟೇ ದಪ್ಪದ ಜೇಡಿ ಬಿಲ್ಲೆಯನ್ನು ಒಣಗಿಸಿ ಇಡಬೇಕು, ಗಾಳಿ ಹೋಗುವ ತೂತನ್ನು ಮಾತ್ರ ಮುಚ್ಚಬಾರದು.

ಪ್ಯಾಟರ್ನಿನಲ್ಲಿ ಮಾಡಬಹುದಾದ ದೊಡ್ಡ ಬದಲಾವಣೆ ಎಂದರೆ ಅಚ್ಚನ್ನು ತಿರುಗಿಸುವುದು. 200 ಮಿ.ಮೀ. ಬಾಯಿಯ ಪ್ರಿಂಟ್ ಮೇಲೆ ಬಂದರೆ ಅದರ ವಿಸ್ತೀರ್ಣ 314 ಚದರ ಸೆಂಟಿಮೀಟರ್, 27 ಕೆ.ಜಿ. ಅಷ್ಟಗಲಕ್ಕೆ ಹಂಚಿಹೋದರೆ ಚದರ ಸೆಂಟಿಮೀಟರಿಗೆ 100 ಗ್ರಾಂ ಕೂಡ ಬೀಳುವುದಿಲ್ಲ, ಚಾಪ್ಲೆಟ್ ಮಾತೇ ಬರುವುದಿಲ್ಲ. ಜೊತೆಗೆ ಮೇಲಿನ ಪೆಟ್ಟಿಗೆಗೆ ಹೇರುವ ತೂಕವನ್ನು ಮರೆಯಬೇಡಿ. ಸುರಿಯುವ ಬಟ್ಟಲು ಎರಕಕ್ಕಿಂತ 15 ಸೆಂ.ಮೀ. ಎತ್ತರದಲ್ಲಿದ್ದರೆ, ನಿಮ್ಮ ಈಗಿನ ಅಚ್ಚಿನಲ್ಲಿ ಲೋಹ ಪೆಟ್ಟಿಗೆಯನ್ನು ಎತ್ತುವ ಬಲವೇ ಸುಮಾರು 70 ಕೆ.ಜಿ.; ಕೋರಿನ 27 ಸೇರಿದರೆ ನೂರರ ಹತ್ತಿರ. ಪೆಟ್ಟಿಗೆಯೇ ಎದ್ದರೆ ಕೋರನ್ನು ಎಷ್ಟು ಭದ್ರವಾಗಿ ಹಿಡಿದಿದ್ದರೂ ಪ್ರಯೋಜನವಿಲ್ಲ.

ಉತ್ತರ: ಪೊನ್ನಂಪೇಟೆ, ಲೋಹವಿಜ್ಞಾನ ಕಲಿಸುವವರು

ಮೇಲಿನ ಲೆಕ್ಕಕ್ಕೆ ಒಂದು ಮಾತು ಸೇರಿಸುತ್ತೇನೆ. ಇಂಜಿನಿಯರಿಂಗ್ ಪಠ್ಯಪುಸ್ತಕಗಳಲ್ಲಿ ಕೋರ್ ಪ್ರಿಂಟ್ ಚದರ ಸೆಂಟಿಮೀಟರಿಗೆ 35 ನ್ಯೂಟನ್, ಅಂದರೆ ಸುಮಾರು ಮೂರೂವರೆ ಕೆ.ಜಿ. ಹೊರುತ್ತದೆ ಎಂಬ ಅನುಭವದ ಸೂತ್ರವಿದೆ. ವಿದ್ಯಾರ್ಥಿಗಳು ಆ ಸಂಖ್ಯೆಯನ್ನು ಹಾಕಿ ಚಾಪ್ಲೆಟ್ ಬೇಡವೆಂದು ತೀರ್ಮಾನಿಸಿಬಿಡುತ್ತಾರೆ. ಸುತ್ತಲೂ ಬಿಗಿಯಾಗಿ ಅಡಕಗೊಂಡ ಮರಳು, ತೆರೆದಿಟ್ಟ ಮರಳಿನ ಮಾದರಿಗಿಂತ ಹೆಚ್ಚು ಭಾರ ತಡೆಯುವುದು ನಿಜವೇ. ಆದರೆ ಕೈದಮ್ಮಸ್ಸಿನ ಹಸಿ ಮರಳಿನಲ್ಲಿ ಆ ಸೂತ್ರವನ್ನು ಕೊನೆಯ ಅಂಚಿನವರೆಗೆ ನಂಬುವುದು ಅವಿವೇಕ. ಕುಶಾಲನಗರದವರು ಹಿಡಿದಿರುವ ಅಂಕಿಯೇ ಕ್ಷೇಮ.

ನೀರು ಜಿನುಗುವುದು ಇದ್ದದ್ದೇ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಚಾಪ್ಲೆಟ್ ಎರಕದೊಂದಿಗೆ ಬೆಸೆದರೆ ಜಿನುಗುವುದಿಲ್ಲ, ಬೆಸೆಯದಿದ್ದರೆ ಜಿನುಗುತ್ತದೆ. ಬೆಸುಗೆ ಹೇಗಾಗುತ್ತದೆ ಎಂಬುದನ್ನು ಗಮನಿಸಿದರೆ ಏನನ್ನು ಕೇಳಿ ಪಡೆಯಬೇಕೆಂಬುದು ಸ್ಪಷ್ಟವಾಗುತ್ತದೆ. ಕಡಿಮೆ ಇಂಗಾಲದ ಮೃದು ಉಕ್ಕು ಕರಗುವುದು ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೀಡನ್ನು ಸುರಿಯುವುದು 1350ರ ಆಸುಪಾಸಿನಲ್ಲಿ. ಅಂದ ಮೇಲೆ ಬರೀ ಶಾಖಕ್ಕೆ ಚಾಪ್ಲೆಟ್ ಕರಗುವುದಿಲ್ಲ. ಬಿಸಿ ಬೀಡಿನಿಂದ ಇಂಗಾಲ ಉಕ್ಕಿನ ಮೈಗೆ ಇಳಿಯುತ್ತದೆ, ಇಂಗಾಲ ಹೆಚ್ಚಿದಂತೆ ಆ ಪದರದ ಕರಗುವ ಉಷ್ಣತೆ ಕುಗ್ಗುತ್ತದೆ, ಆಗ ಮೈ ತೆಳುವಾಗಿ ಕರಗಿ ಸುತ್ತಲಿನ ಲೋಹದೊಂದಿಗೆ ಒಂದಾಗುತ್ತದೆ. ಇದಕ್ಕೆ ಒಂದಿಷ್ಟು ಕಾಲವೂ ಶಾಖವೂ ಬೇಕು. ಚಾಪ್ಲೆಟ್‌ನ ಕಾಂಡ ದಪ್ಪವಾಗಿದ್ದರೆ ಅದು ಸುತ್ತಲಿನ ಬೀಡಿನ ಶಾಖವನ್ನೆಲ್ಲ ಹೀರಿ, ಬೆಸುಗೆಯಾಗುವ ಮೊದಲೇ ಅದನ್ನು ಗಟ್ಟಿ ಮಾಡಿಬಿಡುತ್ತದೆ. ಜೊತೆಗೆ ಅಲ್ಲಿ ಬಿಳಿ ಬೀಡು ಹುಟ್ಟಿ ಡ್ರಿಲ್ ಇಳಿಯದಷ್ಟು ಗಡುಸಾಗುತ್ತದೆ. ಅತಿ ತೆಳ್ಳಗಿದ್ದರೆ ಗೋಡೆ ಗಟ್ಟಿಯಾಗುವ ಮೊದಲೇ ಮೆತ್ತಗಾಗಿ ಬಾಗುತ್ತದೆ. 8 ಮಿ.ಮೀ. ಗೋಡೆಗೆ ನನ್ನ ಆಯ್ಕೆ 3 ಮಿ.ಮೀ. ಆಸುಪಾಸಿನ ಕಾಂಡ, 6 ಮಿ.ಮೀ. ಸರಳನ್ನು ಕತ್ತರಿಸಿ ವಾಷರ್ ಬೆಸೆದು ಮಾಡಿದ ನಾಟಿ ಚಾಪ್ಲೆಟ್‌ಗಳನ್ನು ಇಷ್ಟು ತೆಳುವಾದ ಗೋಡೆಗೆ ಹಾಕಬಾರದು. ಕಾಂಡದ ಮೇಲೆ ಉಂಗುರದಂತೆ ಗೀರುಗಳಿದ್ದರೆ ಆ ಚೂಪು ಅಂಚುಗಳು ಬೇಗ ಕಾದು ಮೊದಲು ಬೆಸೆಯುತ್ತವೆ, ಕಾಂಡದ ಉದ್ದಕ್ಕೂ ನೀರು ಹರಿಯುವ ನೇರ ದಾರಿಯೂ ತಪ್ಪುತ್ತದೆ.

ಬೆಸುಗೆಯನ್ನು ಕೆಡಿಸುವುದರಲ್ಲಿ ತುಕ್ಕು ಮೊದಲನೆಯದು. ತುಕ್ಕಿನಲ್ಲಿರುವ ಆಮ್ಲಜನಕವು ಬೀಡಿನ ಇಂಗಾಲದೊಂದಿಗೆ ಸೇರಿ ಕಾರ್ಬನ್ ಮಾನಾಕ್ಸೈಡ್ ಅನಿಲವಾಗುತ್ತದೆ, ಅದರ ಗುಳ್ಳೆಗಳು ಕಾಂಡದ ಸುತ್ತ ಉಳಿದುಬಿಡುತ್ತವೆ. ಜಿನುಗುವ ಚಾಪ್ಲೆಟನ್ನು ಕತ್ತರಿಸಿ ನೋಡಿದರೆ ಕಾಂಡದ ಸುತ್ತ ಸೂಜಿ ಚುಚ್ಚಿದಂಥ ಕಪ್ಪು ತೂತುಗಳು ಬರಿಗಣ್ಣಿಗೇ ಕಾಣುತ್ತವೆ. ತುಕ್ಕು ತಡೆಯಲೆಂದೇ ಒಳ್ಳೆಯ ಚಾಪ್ಲೆಟ್‌ಗಳಿಗೆ ತವರದ ಕಲಾಯಿ ಇಲ್ಲವೇ ತಾಮ್ರದ ಲೇಪ ಕೊಟ್ಟಿರುತ್ತಾರೆ. ತವರ 232 ಡಿಗ್ರಿಯಲ್ಲೇ ಕರಗಿ ಸದ್ದಿಲ್ಲದೆ ಬೀಡಿನಲ್ಲಿ ಬೆರೆತುಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಸತು ಲೇಪದ ಮೊಳೆ ಹೊಳೆಯುತ್ತದೆಂದು ಅದನ್ನು ಬಳಸಬಾರದು. ಸತು 907 ಡಿಗ್ರಿಯಲ್ಲಿ ಕುದಿದು ಆವಿಯಾಗುವ ಲೋಹ, 1350 ಡಿಗ್ರಿಯ ಬೀಡಿನ ನಡುವೆ ಅದು ಏನು ಮಾಡೀತೆಂದು ವಿವರಿಸಬೇಕಿಲ್ಲ.

ಎರಡನೆಯದು ತೇವ. ನೀವು ಮಳೆಗಾಲದಲ್ಲಿ ಎರಕ ಹೊಯ್ಯಿಸುವ ಯೋಚನೆಯಲ್ಲಿದ್ದೀರಿ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ನಮ್ಮ ಕಡೆ ಎಣ್ಣೆ ಸವರದೆ ಗೋಡೆಗೆ ಸಿಕ್ಕಿಸಿದ ಕತ್ತಿ ಎಷ್ಟು ಬೇಗ ಕೆಂಪಾಗುತ್ತದೆಂಬುದು ನಿಮಗೆ ತಿಳಿದದ್ದೇ. ಚಾಪ್ಲೆಟ್‌ಗಳನ್ನು ನೀವೇ ಕೊಂಡು ಕಳಿಸುವುದಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕಳಿಸಿ. ಹಸಿ ಮರಳಿನ ಅಚ್ಚಿನಲ್ಲಿ ಅವನ್ನು ನಿಲ್ಲಿಸಿ, ಪೆಟ್ಟಿಗೆ ಮುಚ್ಚಿ, ರಾತ್ರಿ ಕಳೆದು ಬೆಳಿಗ್ಗೆ ಲೋಹ ಸುರಿದರೆ ಮರಳಿನ ತೇವವೆಲ್ಲ ತಣ್ಣನೆಯ ಲೋಹದ ಮೇಲೆ ಹನಿಗಟ್ಟಿರುತ್ತದೆ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಮಾಡಿದ ಚಾಪ್ಲೆಟನ್ನು ಇಕ್ಕಳದಿಂದ ಇಟ್ಟು, ತಡಮಾಡದೆ ಮುಚ್ಚಿ, ಆಗಲೇ ಸುರಿಯಬೇಕು. ಸೋಡಿಯಂ ಸಿಲಿಕೇಟ್ ಕೋರ್ ಕೂಡ ಗಾಳಿಯ ತೇವವನ್ನು ಹೀರಿ ಮೈ ಪುಡಿಪುಡಿಯಾಗುವಂಥದ್ದು. ಮಳೆಗಾಲದಲ್ಲಿ ಅದನ್ನು ಮಾಡಿ ವಾರಗಟ್ಟಲೆ ಇಡುವುದು ಬೇಡ, ಕೂರಿಸುವ ಮೊದಲು ಬರ್ನರ್ ಜ್ವಾಲೆ ತೋರಿಸಿ ಬೆಚ್ಚಗೆ ಮಾಡಿಕೊಂಡರೆ ಒಳ್ಳೆಯದು.

ಕೋರ್ ಅಲುಗುವ ಕಾಟ ಎಷ್ಟು ಹಳೆಯದೆಂದರೆ, ಫಿರಂಗಿಯ ನಳಿಗೆಯನ್ನು ನಡುವೆ ಕೋರ್ ನಿಲ್ಲಿಸಿ ಎರಕ ಹೊಯ್ಯುತ್ತಿದ್ದ ಕಾಲದಲ್ಲಿ, ಕೋರ್ ಕದಲಿ ರಂಧ್ರ ಓರೆಯಾಗುವುದು ತಪ್ಪದ ಕಾರಣ, 18ನೇ ಶತಮಾನದ ಮೊದಲ ಭಾಗದಲ್ಲಿ ಸ್ವಿಟ್ಜರ್ಲೆಂಡಿನ ಜೀನ್ ಮಾರಿಟ್ಸ್ ಇಡೀ ಫಿರಂಗಿಯನ್ನು ಗಟ್ಟಿಯಾಗಿ ಎರೆದು ಆಮೇಲೆ ಕೊರೆಯುವ ಯಂತ್ರವನ್ನೇ ಕಟ್ಟಿದ. ಪಂಪಿನ ಸುರುಳಿ ಹೊಟ್ಟೆಯನ್ನು ಹಾಗೆ ಕೊರೆಯಲು ಬರುವುದಿಲ್ಲವಾದ್ದರಿಂದ ನಮಗೆ ಕೋರ್ ಬಿಟ್ಟರೆ ಗತಿಯಿಲ್ಲ.

ಉತ್ತರ: ಸೋಮವಾರಪೇಟೆ ಮೂಲ, ಈಗ ಬೆಳಗಾವಿಯಲ್ಲಿ ಫೌಂಡ್ರಿ

ಅಚ್ಚು ತಿರುಗಿಸುವ ಸಲಹೆಗೆ ನನ್ನದೊಂದು ತಕರಾರಿದೆ. ಅಗಲವಾದ ಬಾಯಿಯ ಫ್ಲೇಂಜ್ ಎಂದರೆ ಮುಚ್ಚಳ ಕೂರುವ, ಲೇತಿನಲ್ಲಿ ಮಟ್ಟ ಹೊಡೆಯಬೇಕಾದ ಮುಖ. ಅದು ಮೇಲೆ ಬಂದರೆ ಲೋಹದ ಕಿಟ್ಟ, ಸಡಿಲ ಮರಳು, ಗುಳ್ಳೆ ಎಲ್ಲವೂ ತೇಲಿ ಬಂದು ಅಲ್ಲೇ ಸೇರುತ್ತವೆ. ಮೊದಲ ಹೊರೆ ತೆಗೆದಾಗ ಮುಖದ ತುಂಬ ಹುಳುಕು ಕಂಡರೆ ಇಡೀ ಎರಕ ಗುಜರಿಗೆ ಹೋಗುತ್ತದೆ. ತಿರುಗಿಸುವುದೇ ಆದರೆ ಆ ಮುಖಕ್ಕೆ 6 ಮಿ.ಮೀ. ಹೆಚ್ಚುವರಿ ದಪ್ಪ ಕೊಟ್ಟು, ಮೊದಲು ಬಂದ ಕೊಳಕು ಲೋಹ ಹರಿದು ಹೊರಹೋಗಲು ಫ್ಲೇಂಜಿನ ಮೇಲೆ ಎರಡು ಕಡೆ ದಾರಿ ಬಿಡಬೇಕಾಗುತ್ತದೆ.

ನಾನಾಗಿದ್ದರೆ ಈಗಿನ ದಿಕ್ಕನ್ನೇ ಉಳಿಸಿಕೊಂಡು ಕೋರನ್ನು ಕೆಳಗಿನಿಂದ ಕಟ್ಟಿ ಹಿಡಿಯುತ್ತೇನೆ. ಕೋರ್ ತುಂಬುವಾಗ ಒಳಗಿಡುವ ಕಬ್ಬಿಣದ ಪಂಜರಕ್ಕೆ ಒಂದು ಕಣ್ಣು (ಕುಣಿಕೆ) ಬೆಸೆದು, ಆ ಕಣ್ಣು ಅಗಲ ಪ್ರಿಂಟ್‌ನ ತಳದ ಗುಳಿಯಲ್ಲಿ ಕಾಣುವಂತೆ ಬಿಟ್ಟರೆ, ಕೆಳಪೆಟ್ಟಿಗೆಯ ಮರಳಿನ ಮೂಲಕ ಒಂದು ಕೊಕ್ಕೆ ಬೋಲ್ಟ್ ತೂರಿಸಿ ತಳದ ಹಲಗೆಯಾಚೆ ನಟ್ ಬಿಗಿಯಬಹುದು. 27 ಕೆ.ಜಿ.ಗೆ 8 ಮಿ.ಮೀ. ಬೋಲ್ಟ್ ಬೇಕಾದಷ್ಟಾಯಿತು. ನಟ್ಟನ್ನು ಕೈಯಿಂದ ಬಿಗಿದರೆ ಸಾಕು, ಸ್ಪ್ಯಾನರಿನಿಂದ ಜಗ್ಗಿದರೆ ಕೆಳಗಿನ ಮರಳು ಕುಸಿದು ಕೋರ್ ಇಳಿದುಬಿಡುತ್ತದೆ. ಲೋಹ ಗಟ್ಟಿಯಾದ ಮೇಲೆ ನಟ್ ಬಿಚ್ಚಿ ಅಚ್ಚು ಒಡೆಯಬೇಕು. ಈ ಕೆಲಸಕ್ಕೆ ಫೌಂಡ್ರಿಯವರು ಗೊಣಗಬಹುದು. ಒಂದೇ ಒಂದು ಎರಕಕ್ಕೆ ಇಷ್ಟೆಲ್ಲ ಯಾರು ಮಾಡುತ್ತಾರೆಂಬುದು ಅವರ ಕಡೆಯಿಂದ ನ್ಯಾಯವಾದ ಮಾತೇ. ತಯಾರಿಯ ಕೂಲಿಯನ್ನು ಎರಕದ ತೂಕದ ದರದಿಂದ ಬೇರೆಯಾಗಿಯೇ ಮಾತಾಡಿಕೊಳ್ಳಿ.

ಚಾಪ್ಲೆಟ್ಟನ್ನು ಇಲ್ಲಿ ಸ್ವಲ್ಪ ಹೆಚ್ಚೇ ದೂಷಿಸಲಾಗಿದೆ. ನೀರಿನ ಜಾಕೆಟ್ ಇರುವ ಇಂಜಿನ್ ಬ್ಲಾಕ್, ದೊಡ್ಡ ಪೈಪಿನ ಬೆಂಡ್, ಇಂಥವುಗಳ ಕೋರಿಗೆ ಪ್ರಿಂಟ್ ಕೊಡಲು ಜಾಗವೇ ಇರುವುದಿಲ್ಲ, ಅಲ್ಲಿ ಅದಿಲ್ಲದೆ ನಡೆಯುವುದಿಲ್ಲ. ತೆಳುವಾದ ಗೋಡೆಗೆ ತೂತುತೂತಾದ ತಗಡನ್ನು ಮಡಚಿ ಪೆಟ್ಟಿಗೆಯಂತೆ ಮಾಡಿದ ಚಾಪ್ಲೆಟ್ ಸಿಗುತ್ತದೆ. ಲೋಹ ಅದರ ತೂತುಗಳಲ್ಲೆಲ್ಲ ನುಗ್ಗಿ ಸುತ್ತುವರಿಯುವುದರಿಂದ ಕಾಂಡದ ಚಾಪ್ಲೆಟ್‌ಗಿಂತ ಚೆನ್ನಾಗಿ ಬೆಸೆಯುತ್ತದೆ. ಲೋಹ ಅಚ್ಚಿಗೆ ಪ್ರವೇಶಿಸುವ ಗೇಟಿನ ನೇರಕ್ಕೂ, ಲೋಹ ಬಂದು ಮುಟ್ಟುವ ಹೊತ್ತಿಗೆ ತಣ್ಣಗಾಗಿರುವ ಕೊನೆಯ ಮೂಲೆಗೂ ಅದನ್ನು ಇಡಬಾರದು. ಮೊದಲ ಜಾಗದಲ್ಲಿ ಕೊಚ್ಚಿಹೋಗುತ್ತದೆ, ಎರಡನೆಯದರಲ್ಲಿ ಬೆಸೆಯುವುದಿಲ್ಲ.

ಮುಂದೆ ಇದೇ ಕೇಸಿಂಗನ್ನು ಗನ್‌ಮೆಟಲ್‌ನಲ್ಲಿ (ತಾಮ್ರ, ತವರ ಬೆರೆತ ಮಿಶ್ರಲೋಹ) ಮಾಡಿಸುವ ಆಸೆ ಬಂದರೆ ಉಕ್ಕಿನ ಚಾಪ್ಲೆಟ್ ಹಾಕಿಸಬೇಡಿ. ಅದು ಸರಿಯಾಗಿ ಬೆಸೆಯುವುದಿಲ್ಲ, ನೀರಿನಲ್ಲಿ ಗನ್‌ಮೆಟಲ್‌ನ ಮಗ್ಗುಲಿಗಿದ್ದಾಗ ಉಕ್ಕೇ ಮೊದಲು ತಿಂದುಹೋಗಿ ತೂತು ಬೀಳುತ್ತದೆ. ಅಲ್ಲಿಗೆ ತಾಮ್ರದ್ದೋ ಅದೇ ಮಿಶ್ರಲೋಹದ್ದೋ ಬೇಕು, ಅಲ್ಯೂಮಿನಿಯಂ ಎರಕಕ್ಕೆ ಅಲ್ಯೂಮಿನಿಯಂನದೇ ಬೇಕು.

ಪ್ರಶ್ನೆ ಕೇಳಿದವರು: ಅಮ್ಮತ್ತಿ ವರ್ಕ್‌ಶಾಪ್

ಮೂವರಿಗೂ ಕೃತಜ್ಞತೆಗಳು. ಕುಶಾಲನಗರದ ಹಿರಿಯರು ಕೇಳಿದ್ದನ್ನು ಇವತ್ತು ನೋಡಿದೆ. ಮೇಲ್ಬದಿಯ ಹೊರಮೈಯಲ್ಲಿ ನಾಲ್ಕು ಕಡೆಯೂ ದುಂಡಗಿನ ಉಬ್ಬುಗಳಿವೆ, ಎರಡು ಕಡೆ ಗ್ರೈಂಡರ್ ಹಿಡಿದು ಮಟ್ಟ ಮಾಡಿದ ಗುರುತಿದೆ. ಎರಕದ ದಿನ ಅಲ್ಲಿದ್ದ ನಮ್ಮ ಹುಡುಗನನ್ನು ವಿಚಾರಿಸಿದಾಗ, ಮೇಲಿನ ಪೆಟ್ಟಿಗೆ ಇಳಿಸುವ ಮೊದಲು ಕೋರಿನ ಮೇಲಿನ ಪ್ರಿಂಟನ್ನು ಅರದಿಂದ ಉಜ್ಜಿ ಮೋಟು ಮಾಡಿದರೆಂದು ಹೇಳಿದ. ಸಂದಿನ ವಿಷಯ ಅಲ್ಲಿಗೆ ಸ್ಪಷ್ಟವಾಯಿತು. ಚಾಪ್ಲೆಟ್‌ನ ಕಾಂಡ ಸುಮಾರು 6 ಮಿ.ಮೀ. ಇದೆ, ಲೇಪ ಇದ್ದಂತೆ ಕಾಣುವುದಿಲ್ಲ.

ಬೋಲ್ಟಿನಿಂದ ಕೆಳಗೆ ಕಟ್ಟುವ ಕ್ರಮ ನನಗೆ ಹಿಡಿಸಿದೆ. ಆದರೆ ಕೋರ್ ಬಾಕ್ಸಿನಲ್ಲಿ ಪಂಜರ ಇಡಲು ಜಾಗ ಹೊಂದಿಸುವಾಗ ಗಾಳಿಯ ದಾರಿಗೆ ಅಡ್ಡಿಯಾಗದೇ ಎಂಬ ಅನುಮಾನವಿದೆ. ಇನ್ನೊಂದು ವಿಚಾರ: ಎರಡನೆಯ ಎರಕ ಕೈಗೆ ಬರುವವರೆಗೆ ಈಗಿರುವ ಕೇಸಿಂಗನ್ನು ಹೇಗಾದರೂ ಬಳಸುವಂತೆ ಮಾಡಬಹುದೇ? ವೆಲ್ಡಿಂಗ್ ಮಾಡಿಸಿ ಎಂದು ಇಲ್ಲಿ ಕೆಲವರು ಹೇಳುತ್ತಿದ್ದಾರೆ.

ಉತ್ತರ: ಕುಶಾಲನಗರ, ನಿವೃತ್ತ ಮೋಲ್ಡಿಂಗ್ ಸೂಪರ್‌ವೈಸರ್

ಬೆಳಗಾವಿಯವರ ತಕರಾರು ಸರಿಯಾದದ್ದೇ. ಕೆಳಗಿನಿಂದ ಕಟ್ಟುವುದಕ್ಕೆ ಫೌಂಡ್ರಿ ಒಪ್ಪುವುದಾದರೆ ಅಚ್ಚು ತಿರುಗಿಸಬೇಕಿಲ್ಲ. ಒಪ್ಪದಿದ್ದರೆ ಮಾತ್ರ ತಿರುಗಿಸಿ.

ಪಂಜರಕ್ಕೆ 6 ಮಿ.ಮೀ. ಸರಳು ಸಾಕು. ಸುರುಳಿಯ ಆಕಾರಕ್ಕೆ ಬಗ್ಗಿಸಿದ ಒಂದು ಬಳೆ, ಅದಕ್ಕೆ ನಡುವಿನಿಂದ ಮೂರು ಕೈಗಳು, ನೀರು ಹೊರಹೋಗುವ ಕವಲಿಗೆ ಒಂದು ಉದ್ದನೆಯ ಕೈ, ತಳದಲ್ಲಿ ಕಣ್ಣು. ಸರಳು ಎಲ್ಲಿಯೂ ಕೋರಿನ ಹೊರಮೈಗೆ 15 ಮಿ.ಮೀ.ಗಿಂತ ಹತ್ತಿರ ಬರದಂತೆ ನೋಡಿಕೊಳ್ಳಿ. ಹತ್ತಿರ ಬಂದರೆ ಕಾದು ಹಿಗ್ಗಿದಾಗ ಕೋರ್ ಸೀಳುತ್ತದೆ, ಎರಕದೊಳಗಿನಿಂದ ಅದನ್ನು ಎಳೆದು ತೆಗೆಯುವುದೂ ಕಷ್ಟ. ಇಂಥ ಸುರುಳಿ ಕೇಸಿಂಗಿನಿಂದ ಪಂಜರ ಹೊರಬರಬೇಕಾದರೆ ಅದನ್ನು ಅಗಲ ಬಾಯಿಯಲ್ಲಿ ತುಂಡರಿಸಿ ತೆಗೆಯಬೇಕಾಗುತ್ತದೆ, ಆದ್ದರಿಂದ ಬೆಸುಗೆಗಳನ್ನು ಚುಕ್ಕೆಯಷ್ಟೇ ಹಾಕಿಸಿ.

ಗಾಳಿಯ ದಾರಿಗೆ ಪಂಜರ ಅಡ್ಡಿಯಲ್ಲ, ಸಹಾಯವೇ. ಮರಳು ತುಂಬುವಾಗ ಸರಳಿನ ಪಕ್ಕಕ್ಕೆ ಮೇಣದ ದಾರವನ್ನು ಸುತ್ತಿಟ್ಟು ಅದರ ತುದಿಯನ್ನು ಮೇಲಿನ ಪ್ರಿಂಟ್‌ಗೆ ಒಯ್ಯಿರಿ; ಕೋರನ್ನು ಬೆಚ್ಚಗೆ ಮಾಡಿದಾಗ ಮೇಣ ಕರಗಿ ಮರಳಿಗೆ ಇಳಿದು ದಾರಿ ಬಿಡುತ್ತದೆ. ಮೇಲಿನ ಪೆಟ್ಟಿಗೆಯಲ್ಲಿ ಅದಕ್ಕೆ ಸರಿಯಾಗಿ ಹೊರಗಿನವರೆಗೆ ತೂತು ಇರಬೇಕು. ಪ್ರಿಂಟ್ ಸುತ್ತ ಬೆರಳು ದಪ್ಪಕ್ಕಿಂತ ತೆಳುವಾದ ಜೇಡಿ ಹುರಿಯನ್ನು ಸುತ್ತಿಟ್ಟರೆ ಲೋಹ ಸಂದಿನಲ್ಲಿ ನುಗ್ಗಿ ಆ ತೂತನ್ನು ಮುಚ್ಚುವುದಿಲ್ಲ. ಸುರಿದೊಡನೆ ತೂತಿನ ಬಾಯಿಗೆ ಬೆಂಕಿ ತೋರಿಸಿ. ನೀಲಿ ಜ್ವಾಲೆ ಹತ್ತಿ ನಿಂತರೆ ಒಳಗಿನ ಅನಿಲ ಹೊರಬರುತ್ತಿದೆ ಎಂದರ್ಥ.

ಬೋಲ್ಟ್ ಹಾಕಿದ ಮೇಲೂ ಧೈರ್ಯ ಬಾರದೆ ಮೇಲೊಂದೆರಡು ಚಾಪ್ಲೆಟ್ ಬೇಕೆನಿಸಿದರೆ, ತಲೆಯನ್ನು ಮರಳಿಗೆ ಒರಗಿಸುವ ಬದಲು ಉದ್ದ ಕಾಂಡದ್ದನ್ನು ಬಳಸಿ. ತಲೆ ಕೋರಿನ ಮೇಲೆ ಕೂರಬೇಕು, ಕಾಂಡ ಮೇಲಿನ ಪೆಟ್ಟಿಗೆಯ ಮರಳನ್ನು ದಾಟಿ ಹೊರಗೆ ಬರಬೇಕು, ಪೆಟ್ಟಿಗೆಯ ಅಡ್ಡಪಟ್ಟಿಗೂ ಕಾಂಡದ ತುದಿಗೂ ನಡುವೆ ಬೆಣೆ ಹೊಡೆಯಬೇಕು. ಆಗ ಭಾರ ಮರಳಿನ ಮೇಲೆ ಬೀಳದೆ ಕಬ್ಬಿಣದ ಮೇಲೆ ಬೀಳುತ್ತದೆ. ಬೆಣೆಯನ್ನು ಬೆರಳಿನಿಂದ ಒತ್ತಿ ಕೂರಿಸಿದರೆ ಸಾಕು, ಸುತ್ತಿಗೆ ಬೇಡ.

ಆರ್ಡರಿನಲ್ಲಿ ಬರೆಯಬೇಕಾದದ್ದು ಇಷ್ಟು: ಕೋರಿನ ಪ್ರಿಂಟನ್ನು ಉಜ್ಜಬಾರದು, ಜೇಡಿ ಉಂಡೆಯ ಪರೀಕ್ಷೆ ನಿಮ್ಮವರ ಎದುರು ಆಗಬೇಕು, ಚಾಪ್ಲೆಟ್ ಇಟ್ಟರೆ ತವರ ಕಲಾಯಿಯದ್ದು, ಕಾಂಡ 3 ಮಿ.ಮೀ., ಫ್ಲೇಂಜಿನ ಮುಖದಲ್ಲಿ ಕೂಡದು. ಗೋಡೆ 7ರಿಂದ 9 ಮಿ.ಮೀ. ಒಳಗಿರಬೇಕು, 6 ಕೆ.ಜಿ. ಒತ್ತಡದಲ್ಲಿ ಜಿನುಗಿದರೆ ಎರಕ ವಾಪಸ್ಸು. ಕೊನೆಯ ಷರತ್ತನ್ನು ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ.

ಇನ್ನು ಈಗಿರುವ ಕೇಸಿಂಗ್. ವೆಲ್ಡಿಂಗ್ ಬೇಡ. ಇಡೀ ಕೇಸಿಂಗನ್ನು ಕಾಯಿಸದೆ ಬೀಡಿಗೆ ಆರ್ಕ್ ಹಿಡಿದರೆ ಪಕ್ಕದಲ್ಲೇ ಬಿರುಕು ಬಿಡುತ್ತದೆ, ಚಾಪ್ಲೆಟ್ ಸುತ್ತ ಬಿಳಿ ಬೀಡು ಇದ್ದರೆ ಬಿರುಕು ಇನ್ನೂ ಖಚಿತ. ಜಿನುಗುವ ಮೂರೂ ಚಾಪ್ಲೆಟ್‌ಗಳನ್ನು, ಸುತ್ತಲಿನ ಹುಳುಕು ಲೋಹ ಪೂರ್ತಿ ಹೋಗುವಷ್ಟು ಅಗಲಕ್ಕೆ ಡ್ರಿಲ್ ಮಾಡಿ ತೆಗೆದು, ಒಂದು ಮಿ.ಮೀ. ಪಿಚ್‌ನ ಸಣ್ಣ ಹಲ್ಲಿನ ಟ್ಯಾಪ್ ಹಾಕಿ, ಹಿತ್ತಾಳೆಯ ತಿರುಪಿನ ಹಲ್ಲಿಗೆ ಸೀಲಂಟ್ ಹಚ್ಚಿ ತಿರುಗಿಸಿ, ಒಳಮೈಗೆ ಮಟ್ಟವಾಗಿ ಕತ್ತರಿಸಿ. ಗೋಡೆ ಅಲ್ಲಿ 5 ಮಿ.ಮೀ. ಮಾತ್ರ ಇರುವುದರಿಂದ ಒರಟು ಹಲ್ಲು ಹಾಕಿದರೆ ಹಿಡಿತ ಸಾಲದು. ಡ್ರಿಲ್ ಇಳಿಯದೆ ಕಿರುಗುಟ್ಟಿದರೆ ಬಿಳಿ ಬೀಡು ಸಿಕ್ಕಿದೆ ಎಂದು ತಿಳಿದು ಕಾರ್ಬೈಡ್ ಡ್ರಿಲ್ ತರಿಸಿ. ನವಸಾಗರದ ನೀರು ತುಂಬಿಟ್ಟು ತುಕ್ಕು ಹಿಡಿಸಿ ಜಿನುಗು ಮುಚ್ಚುವ ಹಳೆಯ ಉಪಾಯವೂ ಇದೆ, ಆದರೆ ಡೀಸೆಲ್ ಇಂಜಿನಿನ ಅದುರಾಟಕ್ಕೆ ಅದು ಬಾಳುವುದಿಲ್ಲ.

5 ಮಿ.ಮೀ. ಗೋಡೆ ನಿಮ್ಮ ಪಂಪಿನ ಒತ್ತಡಕ್ಕೆ ಒಡೆಯುವುದಿಲ್ಲ. ಕೆರೆಯ ನೀರಿನ ಮರಳಿಗೆ ಎಷ್ಟು ಬೇಗ ಸವೆಯುತ್ತದೆ ಎಂಬುದಷ್ಟೇ ಪ್ರಶ್ನೆ. ಹೀರುವ ಪೈಪಿನ ಜಾಲರಿಯನ್ನು ಕೆರೆಯ ತಳದಿಂದ ಎರಡಡಿ ಮೇಲೆ ಕಟ್ಟಿ, ತಿರುಪು ಹಾಕಿದ ಮೇಲೆ ಅದೇ 6 ಕೆ.ಜಿ. ಒತ್ತಡದಲ್ಲಿ ಅರ್ಧ ಗಂಟೆ ನಿಲ್ಲಿಸಿ ನೋಡಿ.